ಮರಿಯಾ ಮಾಂಟೆಸ್ಸೊರಿ ಮತ್ತು ಅವರ ಮೊದಲ ಮಕ್ಕಳು



ಮಾಂಟೆಸ್ಸೊರಿ ಎಂಬ ಹೆಸರಿನ ಫಲಕವನ್ನು ನಾವೆಲ್ಲ ನೋಡಿದ್ದೇವೆ. ಮೂರು ವರ್ಷ ತುಂಬುವ ಮೊದಲೇ ಮಕ್ಕಳನ್ನು ಅಂಥ ಶಾಲೆಗೆ ಸೇರಿಸಲು ತಂದೆತಾಯಿಗಳು ಆಸೆಪಡುತ್ತಾರೆ. ಆದರೆ ಆ ಹೆಸರಿನ ತಾಯಿ ಮೊದಲು ಕಲಿಸಿದ್ದು ಎಂಥ ಮಕ್ಕಳಿಗೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಇವರು ಏನೂ ಕಲಿಯಲಾರರು ಎಂದು ಶಾಲೆಗಳು ಕೈಬಿಟ್ಟಿದ್ದ ಮಕ್ಕಳೇ ಅವರ ಮೊದಲ ವಿದ್ಯಾರ್ಥಿಗಳು.

ಮರಿಯಾ ಮಾಂಟೆಸ್ಸೊರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಲ್ಲೆ ಎಂಬ ಊರಿನ ಕಥೋಲಿಕ ಕುಟುಂಬದಲ್ಲಿ. ಮಗಳು ಡಾಕ್ಟರಾಗುವುದು ಸರ್ಕಾರಿ ನೌಕರರಾಗಿದ್ದ ತಂದೆಗೆ ಒಪ್ಪಿಗೆ ಇರಲಿಲ್ಲ. ತಾಯಿ ರೆನಿಲ್ಡೆ ಮಗಳ ಬೆನ್ನಿಗೆ ನಿಂತರು. ಕಾಲೇಜಿನಲ್ಲಿ ಶವ ಕೊಯ್ದು ಕಲಿಯುವ ಪಾಠಕ್ಕೆ ಗಂಡು ವಿದ್ಯಾರ್ಥಿಗಳ ಜೊತೆ ಹೆಣ್ಣು ಕೂರುವಂತಿರಲಿಲ್ಲ. ಎಲ್ಲರೂ ಹೋದ ಮೇಲೆ ಒಬ್ಬರೇ ನಿಂತು ಕಲಿತರು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು.

ಪದವಿಯ ನಂತರ ಅವರು ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ಸೇರಿದರು. ಆ ಕಾಲದಲ್ಲಿ ಬುದ್ಧಿಮಾಂದ್ಯ ಮಕ್ಕಳನ್ನೂ ಹುಚ್ಚಾಸ್ಪತ್ರೆಯಲ್ಲೇ ಇಡುತ್ತಿದ್ದರು. ಅಲ್ಲಿಯ ಒಂದು ಸಂಗತಿಯನ್ನು ಅವರ ಜೀವನ ಚರಿತ್ರೆ ಬರೆದವರು ತಪ್ಪದೆ ಹೇಳುತ್ತಾರೆ. ಊಟ ಮುಗಿದ ಮೇಲೆ ಮಕ್ಕಳು ನೆಲಕ್ಕೆ ಬಿದ್ದ ರೊಟ್ಟಿಯ ಚೂರುಗಳನ್ನು ಹೆಕ್ಕುತ್ತಿದ್ದರು. ನೋಡಿಕೊಳ್ಳುವ ಹೆಂಗಸಿಗೆ ಅದು ಹೊಟ್ಟೆಬಾಕತನವಾಗಿ ಕಂಡಿತು. ಮರಿಯಾ ಕೋಣೆಯನ್ನು ಒಮ್ಮೆ ಸುತ್ತ ನೋಡಿದರು. ಹಿಡಿಯಲು, ಮುಟ್ಟಲು, ಆಡಲು ಅಲ್ಲಿ ಒಂದು ವಸ್ತುವೂ ಇರಲಿಲ್ಲ. ಮಕ್ಕಳಿಗೆ ಬೇಕಾಗಿದ್ದದ್ದು ರೊಟ್ಟಿಯಲ್ಲ, ಕೈಗೊಂದು ಕೆಲಸ.

ಇಂಥ ಮಕ್ಕಳಿಗೆ ಮೊದಲೇ ಕಲಿಸಿದ್ದ ಫ್ರಾನ್ಸಿನ ಇಟಾರ್ ಮತ್ತು ಸೆಗಾಂ ಎಂಬ ಇಬ್ಬರ ಗ್ರಂಥಗಳನ್ನು ಅವರು ಹುಡುಕಿ ಓದಿದರು. ನಿಧಾನವಾಗಿ ಓದಿ ಮನನ ಮಾಡಬೇಕೆಂದು ಅವುಗಳನ್ನು ಇಟಾಲಿಯನ್ ಭಾಷೆಗೆ ತಂದು ಕೈಯಾರೆ ಬರೆದುಕೊಂಡರು. ಈ ಮಕ್ಕಳಿಗೆ ಔಷಧಕ್ಕಿಂತ ಮುಖ್ಯವಾಗಿ ಬೇಕಾದದ್ದು ಶಿಕ್ಷಣ ಎಂದು 1898ರಲ್ಲಿ ಟ್ಯೂರಿನ್ ನಗರದ ಶಿಕ್ಷಕರ ಸಮ್ಮೇಳನದಲ್ಲಿ ವಾದಿಸಿದರು.

1900ರಲ್ಲಿ ರೋಮಿನಲ್ಲಿ ಇಂಥ ಮಕ್ಕಳ ಶಿಕ್ಷಕರಿಗಾಗಿ ಒಂದು ತರಬೇತಿ ಶಾಲೆ ತೆರೆಯಿತು. ಡಾಕ್ಟರ್ ಮೊಂತೆಸಾನೊ ಅವರೊಂದಿಗೆ ಮರಿಯಾ ಅದರ ನಿರ್ದೇಶಕರಾದರು. ಹುದ್ದೆ ನಿರ್ದೇಶಕರದ್ದಾದರೂ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ತಾವೇ ಮಕ್ಕಳ ಜೊತೆ ಕೂತು ಕಲಿಸುತ್ತಿದ್ದರು. ರಾತ್ರಿ ಕೂತು ಆ ದಿನ ಕಂಡದ್ದನ್ನು ಬರೆದಿಡುತ್ತಿದ್ದರು.

11 ವರ್ಷದ ಒಬ್ಬ ಹುಡುಗಿಗೆ ಎಷ್ಟು ಹೇಳಿಕೊಟ್ಟರೂ ಹೊಲಿಗೆ ಬರಲಿಲ್ಲ. ಮರಿಯಾ ಸೂಜಿಯನ್ನು ಬದಿಗಿಟ್ಟು, ಪಟ್ಟಿಗಳನ್ನು ಮೇಲೆ ಕೆಳಗೆ ತೂರಿಸಿ ಚಾಪೆ ಹೆಣೆಯುವ ಆಟಿಕೆ ಕೊಟ್ಟರು. ಹೆಣೆಯುವುದು ಕೈಗೆ ಕೂತ ಮೇಲೆ ಮತ್ತೆ ಸೂಜಿ ಕೊಟ್ಟಾಗ ಹುಡುಗಿ ಹೊಲಿದಳು. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಬೇಕು, ಆ ಕೆಲಸಕ್ಕೆ ಮೊದಲು ಕೈಯನ್ನು ಸಿದ್ಧಮಾಡಬೇಕು ಎಂಬುದನ್ನು ಅವರು ಹೀಗೆ ಕಂಡುಕೊಂಡರು. ಅಕ್ಷರಕ್ಕೂ ಅದೇ ದಾರಿ. ಮರದ ಅಕ್ಷರಗಳನ್ನು ಮಾಡಿಸಿ, ಅವುಗಳ ಮೇಲೆ ಮಕ್ಕಳ ಬೆರಳು ಆಡಿಸಿದರು. ಕಣ್ಣು ಗುರುತಿಸುವ ಹೊತ್ತಿಗೆ ಬೆರಳಿಗೆ ಬರವಣಿಗೆ ತಿಳಿದಿರುತ್ತಿತ್ತು.

ಅವರಲ್ಲಿ ಕೆಲವು ಮಕ್ಕಳು ಇತರ ಮಕ್ಕಳ ಜೊತೆ ಸಾರ್ವಜನಿಕ ಶಾಲೆಯ ಪರೀಕ್ಷೆಗೆ ಕೂತು ಪಾಸಾದರು. ಜನ ಅದನ್ನು ಪವಾಡವೆಂದರು. ಮರಿಯಾ ಅವರ ಚಿಂತೆಯೇ ಬೇರೆ. ಇವರೇ ಇಷ್ಟು ಕಲಿತರೆ, ಆರೋಗ್ಯವಂತ ಮಕ್ಕಳನ್ನು ಶಾಲೆಗಳು ಅದೆಷ್ಟು ಹಿಂದೆ ಉಳಿಸಿವೆ ಎಂದು ಯೋಚಿಸಿದರು. 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ರೋಮಿನ ಬಡ ಬಡಾವಣೆ ಸಾನ್ ಲೊರೆಂಜೊದಲ್ಲಿ ಮಕ್ಕಳ ಮನೆ ತೆರೆದರು. ಅಲ್ಲಿಂದ ಅವರ ಹೆಸರು ಲೋಕವೆಲ್ಲ ಹರಡಿತು.

ಅವರ ಸ್ವಂತ ಬಾಳಿನಲ್ಲಿ ನೋವಿತ್ತು. ಮದುವೆಯಿಲ್ಲದೆ 1898ರಲ್ಲಿ ಹುಟ್ಟಿದ ಮಗ ಮಾರಿಯೊ ಬಹಳ ವರ್ಷ ಹಳ್ಳಿಯ ಕುಟುಂಬವೊಂದರಲ್ಲಿ ಬೆಳೆದ. ಮುಂದೆ ಅದೇ ಮಗ ತಾಯಿಯ ಬಲಗೈಯಾದ. 1939ರಲ್ಲಿ ಇಬ್ಬರೂ ಮದ್ರಾಸಿಗೆ ಬಂದರು. ಯುದ್ಧದ ಕಾರಣ ಇಟಲಿಯವರೆಂದು ಮಗನನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು. ತಾಯಿಯ 70ನೇ ಹುಟ್ಟುಹಬ್ಬಕ್ಕೆ ಬಿಡುಗಡೆ ಮಾಡಿತು. ಯುದ್ಧ ಮುಗಿಯುವ ತನಕ ಮದ್ರಾಸು, ಕೊಡೈಕನಾಲ್‌ಗಳಲ್ಲಿ ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ನಡೆಯಿತು. ತಾಯಿ ಇಟಾಲಿಯನ್‌ನಲ್ಲಿ ಮಾತಾಡುವರು, ಮಗ ಇಂಗ್ಲಿಷ್‌ನಲ್ಲಿ ಹೇಳುವರು. 1952ರ ಮೇ 6ರಂದು ಮರಿಯಾ ಹಾಲೆಂಡಿನ ನೋರ್ಡ್‌ವೈಕ್‌ನಲ್ಲಿ ತೀರಿಕೊಂಡರು. ಅಲ್ಲಿಯ ಕಥೋಲಿಕ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಬೇಸರದ ಮಾತೆಂದರೆ, ಬುದ್ಧಿಮಾಂದ್ಯ ಮಕ್ಕಳ ಬೆರಳಲ್ಲಿ ಹುಟ್ಟಿದ ವಿಧಾನ ಇಂದು ಜಾಣ ಮಕ್ಕಳ ಶಾಲೆಯ ಹೆಸರಾಗಿದೆ. ಆ ಮೊದಲ ಮಕ್ಕಳಂಥವರು ಎಷ್ಟೋ ಕಡೆ ಬಾಗಿಲ ಹೊರಗೇ ಇದ್ದಾರೆ. ನಮ್ಮಲ್ಲಿ ಮನೆಮಾತು ಒಂದು, ಶಾಲೆಯ ಮಾತು ಮತ್ತೊಂದು, ಬಲಿಪೂಜೆಯ ಮಾತು ಕೆಲವೊಮ್ಮೆ ಇನ್ನೊಂದು. ಮಾತು ತಡವಾಗುವ ಮಗುವಿಗೆ ಇದು ಇನ್ನೂ ಕಷ್ಟ. ಆದರೆ ಅವರೆಕಾಯಿ ಸುಲಿಯಲು, ಗುಂಡಿ ಹಾಕಲು, ಪೀಠಕ್ಕೆ ಹೂ ತಂದಿಡಲು ಮೂರು ಭಾಷೆ ಬೇಕಿಲ್ಲ. ಮನಸ್ಸಿನ ಅಥವಾ ದೇಹದ ಕೊರತೆ ಇರುವವರಿಗೂ ಅವರಿಂದ ಆಗುವಷ್ಟು ಧರ್ಮೋಪದೇಶ ಸಿಗುವಂತೆ ಗುರುಗಳು ನೋಡಿಕೊಳ್ಳಬೇಕೆಂದು ಧರ್ಮಸಭೆಯ ಕಾನೂನಿನ 777ನೇ ವಿಧಿಯೂ ಹೇಳುತ್ತದೆ. ನಮ್ಮ ಧರ್ಮಕೇಂದ್ರದಲ್ಲಿ ಅಂಥ ಮಗು ಮನೆಯೊಳಗೇ ಉಳಿದಿದ್ದರೆ, ಬರುವ ಭಾನುವಾರ ಕೈಹಿಡಿದು ಕರೆತನ್ನಿ. ಪಕ್ಕದಲ್ಲಿ ಕೂರುವ ನಾವು ಜಾಗ ಬಿಡೋಣ.