ಬಟಾಣಿ ಕಾಳಿನಲ್ಲಿ ಅಡಗಿದ್ದ ಗುಟ್ಟು: ಗ್ರೆಗರ್ ಮೆಂಡೆಲ್

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಬೆಕ್ಕು ಇರಬಹುದು. ತಾಯಿ ಬೆಕ್ಕು ಕಪ್ಪು, ಅದರ ಜೊತೆಯ ಗಂಡು ಬೆಕ್ಕೂ ಕಪ್ಪು. ಆದರೆ ಹುಟ್ಟಿದ ಮರಿಗಳಲ್ಲಿ ಒಂದು ಮಾತ್ರ ಬೂದು ಬಣ್ಣದ್ದು! ಬೇರೆ ಯಾವುದೋ ಗಂಡು ಬೆಕ್ಕು ಬಂದು ಹೋಗಿರಬೇಕೆಂದು ಮನೆಯ ಹಿರಿಯರು ನಗುವುದುಂಟು. ಅದೂ ಇರಬಹುದೆನ್ನಿ. ಬೆಕ್ಕುಗಳಲ್ಲಿ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯಿರುವುದು ಅಪರೂಪವಲ್ಲ. ಆದರೆ ಅಂಥದ್ದೇನೂ ನಡೆಯದೆಯೇ ಎರಡು ಕಪ್ಪು ಬೆಕ್ಕುಗಳಿಗೆ ಬೂದು ಮರಿ ಹುಟ್ಟಲು ಸಾಧ್ಯವಿದೆ. ಗಿಡ್ಡ ಕೂದಲಿನ ಎರಡು ಬೆಕ್ಕುಗಳಿಗೆ ಉದ್ದ ಕೂದಲಿನ ಮರಿ ಹುಟ್ಟುವುದೂ ಹೀಗೆಯೇ. ತಂದೆಯಲ್ಲೂ ಕಾಣದ, ತಾಯಿಯಲ್ಲೂ ಕಾಣದ ಗುಣ ಮಗುವಿನಲ್ಲಿ ಎಲ್ಲಿಂದ ಬಂತು? ಸಾವಿರಾರು ವರ್ಷಗಳಿಂದ ದನ, ಕುರಿ, ಕುದುರೆಗಳನ್ನು ಸಾಕಿ ತಳಿ ಬೆಳೆಸಿದ ಮನುಷ್ಯನಿಗೆ ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿದವರು ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು ಕೊನೆಗೂ ಪಾಸು ಮಾಡಲಾಗದ ಒಬ್ಬ ಮೇಷ್ಟ್ರು. ಅವರೇ ಗ್ರೆಗರ್ ಯೋಹಾನ್ ಮೆಂಡೆಲ್.

ಮೆಂಡೆಲ್ 1822ರ ಜುಲೈ ತಿಂಗಳಲ್ಲಿ ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ ಹೈನ್ಸೆನ್‌ಡಾರ್ಫ್ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದರು. ಇಂದು ಆ ಹಳ್ಳಿ ಚೆಕ್ ಗಣರಾಜ್ಯಕ್ಕೆ ಸೇರಿದೆ. ತಂದೆ ಆಂಟನ್ ಬಡ ರೈತ. ವಾರದಲ್ಲಿ ಮೂರು ದಿನ ಜಮೀನುದಾರನ ಹೊಲದಲ್ಲಿ ಬಿಟ್ಟಿ ದುಡಿದು ಉಳಿದ ದಿನಗಳಲ್ಲಿ ತನ್ನ ಹೊಲ ನೋಡಿಕೊಳ್ಳಬೇಕಾಗಿತ್ತು. ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವುದನ್ನು ಮಗ ಬಾಲ್ಯದಲ್ಲೇ ಕಲಿತನು. ಹುಡುಗ ಓದಿನಲ್ಲಿ ಚುರುಕಾಗಿದ್ದುದರಿಂದ ಶಿಕ್ಷಕರ ಒತ್ತಾಯದ ಮೇರೆಗೆ ದೂರದ ಶಾಲೆಗೆ ಕಳುಹಿಸಿದರು.

ಆದರೆ 1838ರಲ್ಲಿ ಮರದ ದಿಮ್ಮಿ ಬಿದ್ದು ತಂದೆಗೆ ಭಾರೀ ಪೆಟ್ಟಾಯಿತು. ಮನೆಯಿಂದ ಹಣ ಬರುವುದು ನಿಂತುಹೋಯಿತು. ಹದಿನಾರು ವರ್ಷದ ಹುಡುಗ ಪಾಠ ಹೇಳಿಕೊಟ್ಟು ತನ್ನ ಖರ್ಚು ತೂಗಿಸತೊಡಗಿದನು. ಹೊಟ್ಟೆಗೆ ಸರಿಯಾಗಿ ಇಲ್ಲದೆ, ಚಿಂತೆಯಿಂದ ಬಳಲಿ, ತಿಂಗಳುಗಟ್ಟಲೆ ಹಾಸಿಗೆ ಹಿಡಿದದ್ದೂ ಉಂಟು. ಕೊನೆಗೆ ತಂದೆ ಹೊಲವನ್ನು ಹಿರಿಯ ಅಳಿಯನಿಗೆ ವಹಿಸಿಕೊಟ್ಟರು. ಇನ್ನು ಓದು ಮುಗಿಯಿತು ಎನ್ನುವಾಗ ಕೈ ಹಿಡಿದವಳು ಕಿರಿಯ ತಂಗಿ ತೆರೇಸಿಯಾ. ತನ್ನ ಮದುವೆಗೆಂದು ತೆಗೆದಿರಿಸಿದ್ದ ಪಾಲಿನಲ್ಲಿ ಒಂದಂಶವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಹದಿಹರೆಯ ಮುಟ್ಟಿರದ ಹಳ್ಳಿಯ ಆ ಹುಡುಗಿಯ ಹೆಸರು ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಇರುವುದಿಲ್ಲ. ಮೆಂಡೆಲ್ ಮಾತ್ರ ಆ ಋಣವನ್ನು ಮರೆಯಲಿಲ್ಲ. ಮುಂದೆ ತಂಗಿಯ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸದ ಹೊಣೆ ಹೊತ್ತರು. ಅವರಲ್ಲಿ ಇಬ್ಬರು ವೈದ್ಯರಾದರು.

1843ರಲ್ಲಿ ಮೆಂಡೆಲ್ ಬ್ರುನ್ ನಗರದ, ಅಂದರೆ ಇಂದಿನ ಬ್ರನೋದ, ಸಂತ ಥಾಮಸರ ಮಠವನ್ನು ಸೇರಿದರು. ಗ್ರೆಗರ್ ಎಂಬ ಹೆಸರು ಬಂದದ್ದು ಅಲ್ಲಿಯೇ. ಹೊಟ್ಟೆಪಾಡಿನ ಚಿಂತೆಯಿಲ್ಲದೆ ಓದಬೇಕೆಂಬ ಆಸೆಯೂ ಈ ನಿರ್ಧಾರದ ಹಿಂದೆ ಇತ್ತು. ಆ ಮಠವಾದರೋ ದೊಡ್ಡ ಗ್ರಂಥಾಲಯ, ತೋಟ, ವಿದ್ವಾಂಸರಿಂದ ತುಂಬಿತ್ತು. ಅದರ ಮುಖ್ಯಸ್ಥ ಸಿರಿಲ್ ನಾಪ್ ಅವರಿಗೆ ಕುರಿಗಳ ತಳಿ ಸುಧಾರಣೆ, ಹಣ್ಣಿನ ಗಿಡಗಳ ಬೇಸಾಯದಲ್ಲಿ ಬಹಳ ಆಸಕ್ತಿ. ಬ್ರುನ್ ಉಣ್ಣೆ ಬಟ್ಟೆಯ ದೊಡ್ಡ ಕೇಂದ್ರವಾಗಿದ್ದುದರಿಂದ, ಒಳ್ಳೆಯ ಉಣ್ಣೆಯ ಗುಣ ಕುರಿಯಿಂದ ಮರಿಗೆ ಹೇಗೆ ಇಳಿಯುತ್ತದೆ ಎಂಬುದು ಅಲ್ಲಿನ ವ್ಯಾಪಾರಿಗಳಿಗೂ ದುಡ್ಡಿನ ಪ್ರಶ್ನೆಯಾಗಿತ್ತು.

ರೋಗಿಗಳ ಹಾಸಿಗೆಯ ಬಳಿ ಕುಳಿತು ಸಾಂತ್ವನ ಹೇಳುವ ಕೆಲಸ ಮೆಂಡೆಲ್‌ರಿಂದ ಆಗಲಿಲ್ಲ. ನೋವನ್ನು ನೋಡಿ ತಾವೇ ಕಾಯಿಲೆ ಬೀಳುತ್ತಿದ್ದರು. ಹಾಗಾಗಿ 1849ರಲ್ಲಿ ಅವರನ್ನು ಬದಲಿ ಶಿಕ್ಷಕರಾಗಿ ಶಾಲೆಗೆ ಕಳುಹಿಸಲಾಯಿತು. ಪಾಠ ಮಾಡುವುದರಲ್ಲಿ ಅವರು ಹುಟ್ಟು ಪ್ರತಿಭೆ, ಮಕ್ಕಳಿಗೆ ಅಚ್ಚುಮೆಚ್ಚು. ಆದರೆ ಖಾಯಂ ಆಗಲು ಪರೀಕ್ಷೆ ಬರೆಯಬೇಕಲ್ಲ! 1850ರಲ್ಲಿ ವಿಯೆನ್ನಾದಲ್ಲಿ ಪರೀಕ್ಷೆಗೆ ಕುಳಿತು ಅನುತ್ತೀರ್ಣರಾದರು. ಈ ಸೋಲಿನಿಂದ ಒಂದು ಲಾಭವಾಯಿತು. 1851ರಿಂದ 1853ರವರೆಗೆ ಮಠದವರು ಅವರನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿ ಭೌತಶಾಸ್ತ್ರ ಕಲಿಸಿದವರಲ್ಲಿ ಡಾಪ್ಲರ್ ಒಬ್ಬರು. ಹೌದು, ಡಾಪ್ಲರ್ ಪರಿಣಾಮದ ಡಾಪ್ಲರ್ ಅವರೇ! ಸಸ್ಯಶಾಸ್ತ್ರ ಕಲಿಸಿದವರು ಫ್ರಾನ್ಸ್ ಉಂಗರ್. ಲೆಕ್ಕ ಇಟ್ಟು ಪ್ರಯೋಗ ಮಾಡುವ ಭೌತಶಾಸ್ತ್ರದ ಶಿಸ್ತು ಮೆಂಡೆಲ್‌ಗೆ ಸಿಕ್ಕಿದ್ದು ಇಲ್ಲಿ. 1856ರಲ್ಲಿ ಮತ್ತೆ ಅದೇ ಪರೀಕ್ಷೆಗೆ ಹೋದರು. ಈ ಸಲವೂ ಕೈಗೂಡದೆ ಕಾಯಿಲೆ ಬಿದ್ದು ಹಿಂದಿರುಗಿದರು. ಹದಿನಾಲ್ಕು ವರ್ಷ ಬ್ರುನ್‌ನ ಶಾಲೆಯಲ್ಲಿ ಬದಲಿ ಶಿಕ್ಷಕರಾಗಿಯೇ ಉಳಿದರು.

ಬಟಾಣಿಯ ಪ್ರಯೋಗಗಳು ಆರಂಭವಾದದ್ದು ಇದೇ 1856ರಲ್ಲಿ. ಮಠದ ತೋಟದಲ್ಲಿ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲದ ಒಂದು ಪಟ್ಟಿ ಅವರ ಪ್ರಯೋಗಶಾಲೆ. ಬಟಾಣಿಯನ್ನೇ ಏಕೆ ಆರಿಸಿದರು? ಬಟಾಣಿ ಹೂವಿನ ದಳಗಳು ಮುಚ್ಚಿಕೊಂಡಿರುವುದರಿಂದ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಹೊರಗಿನ ಪರಾಗ ಒಳಗೆ ಹೋಗುವುದು ಕಡಿಮೆ. ಬೆಕ್ಕಿನ ವಿಷಯದಲ್ಲಿ ಬಂದ ಅನುಮಾನ ಇಲ್ಲಿ ಬರುವಂತಿಲ್ಲ! ಮೆಂಡೆಲ್ 34 ಬಗೆಯ ಬೀಜ ತರಿಸಿ ಎರಡು ವರ್ಷ ಬೆಳೆದು ಪರೀಕ್ಷಿಸಿ, ಶುದ್ಧವಾಗಿ ಬರುವ 22 ಬಗೆಗಳನ್ನು ಉಳಿಸಿಕೊಂಡರು. ಕಾಳು ದುಂಡಗೋ ಸುಕ್ಕೋ, ಹಳದಿಯೋ ಹಸಿರೋ, ಗಿಡ ಎತ್ತರವೋ ಗಿಡ್ಡವೋ ಎಂಬಂಥ ಏಳು ಜೋಡಿ ಗುಣಗಳನ್ನು ಮಾತ್ರ ನೋಡುವುದೆಂದು ತೀರ್ಮಾನಿಸಿದರು. ಅವರಿಗಿಂತ ಹಿಂದೆ ಸಂಕರ ಗಿಡಗಳನ್ನು ಬೆಳೆದವರು ಇಡೀ ಗಿಡವನ್ನು ನೋಡಿ ಗೊಂದಲಕ್ಕೆ ಬಿದ್ದಿದ್ದರು. ಇವರು ಒಂದೊಂದೇ ಗುಣವನ್ನು ಹಿಡಿದು ಎಣಿಸಿದರು.

ಕೆಲಸ ಎಷ್ಟು ನಾಜೂಕು ನೋಡಿ. ಮೊಗ್ಗು ಬಲಿಯುವ ಮುನ್ನವೇ ಅದನ್ನು ಬಿಡಿಸಿ, ಚಿಮಟದಿಂದ ಕೇಸರಗಳನ್ನೆಲ್ಲ ಕಿತ್ತು, ಇನ್ನೊಂದು ಗಿಡದ ಪರಾಗವನ್ನು ಹಚ್ಚಬೇಕು. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಹೀಗೆ ಸಂಕರ ಮಾಡಿದಾಗ ಬಂದ ಕಾಳುಗಳೆಲ್ಲವೂ ದುಂಡಗಿದ್ದವು. ಸುಕ್ಕು ಎಂಬುದೇ ಮಾಯ! ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮುಗಿಸುತ್ತಿದ್ದರೇನೋ. ಮೆಂಡೆಲ್ ಆ ದುಂಡು ಕಾಳುಗಳನ್ನು ಬಿತ್ತಿ, ಅವು ತಮ್ಮ ಪರಾಗದಿಂದಲೇ ಕಾಯಿ ಕಟ್ಟಲು ಬಿಟ್ಟು, ಬಂದ ಕಾಳುಗಳನ್ನು ಎಣಿಸಿದರು. ಒಟ್ಟು 7324 ಕಾಳುಗಳಲ್ಲಿ 5474 ದುಂಡು, 1850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಬಣ್ಣದಲ್ಲಿ 6022 ಹಳದಿ, 2001 ಹಸಿರು. ಅದೂ ಮೂರಕ್ಕೆ ಒಂದು. ಏಳೂ ಗುಣಗಳಲ್ಲಿ ಇದೇ ಕಥೆ.

ಇದರ ಅರ್ಥ ಸರಳ. ಪ್ರತಿ ಗುಣಕ್ಕೂ ಒಂದು ಗಿಡದಲ್ಲಿ ಎರಡು ಚೀಟಿಗಳಿವೆ ಎಂದುಕೊಳ್ಳಿ, ಒಂದು ತಂದೆಯಿಂದ, ಒಂದು ತಾಯಿಯಿಂದ. ಒಂದು ಚೀಟಿ ದುಂಡು, ಇನ್ನೊಂದು ಸುಕ್ಕು ಆಗಿದ್ದರೆ ಕಾಳು ದುಂಡಾಗಿಯೇ ಕಾಣುತ್ತದೆ. ದುಂಡು ಪ್ರಬಲ ಗುಣ, ಸುಕ್ಕು ಸುಪ್ತ ಗುಣ. ಸುಪ್ತ ಗುಣ ಸತ್ತಿಲ್ಲ, ಕರಗಿಲ್ಲ, ಅಡಗಿದೆ ಅಷ್ಟೆ. ಎರಡು ಸುಕ್ಕು ಚೀಟಿಗಳು ಕೂಡಿದಾಗ ತಪ್ಪದೆ ಹೊರಗೆ ಬರುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಮೆಂಡೆಲ್ ಆ ದುಂಡು ಕಾಳುಗಳಿಂದ 565 ಗಿಡ ಬೆಳೆದರು. 193 ಗಿಡಗಳು ಬರೀ ದುಂಡು ಕಾಳು ಕೊಟ್ಟವು. 372 ಗಿಡಗಳು ಎರಡೂ ಬಗೆಯ ಕಾಳು ಕೊಟ್ಟವು, ಅಂದರೆ ಅವುಗಳೊಳಗೆ ಸುಕ್ಕು ಅಡಗಿತ್ತು. ಹೊರಗೆ ಎಲ್ಲವೂ ಒಂದೇ ರೀತಿ ಕಂಡರೂ ಒಳಗೆ ಎರಡು ಜಾತಿ! ಮರುಸಂಕರ ಎಂಬ ಇನ್ನೊಂದು ಉಪಾಯವನ್ನೂ ಅವರು ಬಳಸಿದರು. ಅನುಮಾನವಿರುವ ಗಿಡವನ್ನು ಸುಪ್ತ ಗುಣ ಎದ್ದು ಕಾಣುವ ಗಿಡದೊಡನೆ ಕೂಡಿಸುವುದು. ಕಪ್ಪು ಬೆಕ್ಕಿನೊಳಗೆ ಬೂದು ಬಣ್ಣ ಅಡಗಿದೆಯೇ ಎಂದು ತಿಳಿಯಲು ಅದನ್ನು ಬೂದು ಬೆಕ್ಕಿನೊಡನೆ ಕೂಡಿಸಿದರಾಯಿತು. ಒಂದೇ ಒಂದು ಬೂದು ಮರಿ ಹುಟ್ಟಿದರೂ ಗುಟ್ಟು ರಟ್ಟು. ಏಳು ಮರಿಗಳೂ ಕಪ್ಪಾಗಿದ್ದರೆ, ಗುಟ್ಟು ಇದ್ದೂ ಹೊರಬರದಿರುವ ಸಂಭವ 128ರಲ್ಲಿ 1 ಮಾತ್ರ. ಇಂದು ಮಕ್ಕಳು ಕಂಪ್ಯೂಟರ್ ಪರದೆಯ ಮೇಲೆ ಕಾಲ್ಪನಿಕ ಬೆಕ್ಕುಗಳನ್ನು ಜೋಡಿ ಮಾಡಿ ಅಡಗಿದ ಬಣ್ಣಗಳನ್ನು ಹೊರತೆಗೆಯುವ ಆಟಗಳಿವೆ. ಅವುಗಳ ಒಳಗಿನ ಲೆಕ್ಕ ಇದೇ ಬಟಾಣಿ ಪಟ್ಟಿಯಿಂದ ಬಂದದ್ದು.

ಇದು ಬೆಕ್ಕು, ಬಟಾಣಿಗಳ ವಿಷಯ ಮಾತ್ರ ಎಂದು ತಿಳಿಯಬೇಡಿ. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯನ್ನು ನೀವು ಕೇಳಿರಬಹುದು. ಆ ಮಕ್ಕಳಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು. ತಂದೆ ತಾಯಿ ಇಬ್ಬರೂ ಆರೋಗ್ಯವಂತರು, ಆದರೆ ಇಬ್ಬರಲ್ಲೂ ಆ ಸುಪ್ತ ಗುಣ ಒಂದೊಂದು ಅಡಗಿರುತ್ತದೆ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಮಗು ಹುಟ್ಟುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಕಾಯಿಲೆ ಬಂತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ, ಅದು ತಪ್ಪು. ಪ್ರತಿ ಸಲವೂ ಚೀಟಿ ಹೊಸದಾಗಿ ಎತ್ತಿದಂತೆ. ನಮ್ಮ ನಾಡಿನಲ್ಲಿ ಹಲವು ಸಮುದಾಯಗಳಲ್ಲಿ ಸಂಬಂಧದೊಳಗಿನ ಮದುವೆಗಳು ನಡೆಯುತ್ತವೆ. ಒಂದೇ ಕುಟುಂಬದವರಲ್ಲಿ ಒಂದೇ ಚೀಟಿ ಅಡಗಿರುವ ಸಂಭವ ಹೆಚ್ಚು. ಮದುವೆಗೆ ಮುನ್ನ ಒಂದು ಸಾಧಾರಣ ರಕ್ತಪರೀಕ್ಷೆಯಿಂದ ಥಲಸ್ಸೀಮಿಯಾದ ಗುಟ್ಟನ್ನು ತಿಳಿಯಬಹುದು. ಮರ್ಯಾದೆಗೆ ಅಂಜಿ ಇದನ್ನು ಬಿಡುವ ಮನೆಗಳೂ ಇವೆ. ಇಂಥ ವಿಷಯದಲ್ಲಿ ಹುಡುಗಿಯನ್ನು ಮಾತ್ರ ದೂರುವುದಂತೂ ಅಜ್ಞಾನ, ಏಕೆಂದರೆ ಕಾಯಿಲೆ ಬರಲು ಇಬ್ಬರ ಚೀಟಿಯೂ ಬೇಕು.

ಎಂಟು ವರ್ಷಗಳಲ್ಲಿ ಸುಮಾರು 28,000 ಗಿಡಗಳನ್ನು ನೋಡಿ ಮುಗಿಸಿದ ಮೆಂಡೆಲ್, 1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರುನ್‌ನ ನಿಸರ್ಗ ವಿಜ್ಞಾನ ಸಂಘದಲ್ಲಿ ಪ್ರಬಂಧ ಓದಿದರು. 1866ರಲ್ಲಿ ಅದು ಅಚ್ಚಾಯಿತು. 40 ಪ್ರತಿಗಳನ್ನು ಪ್ರತ್ಯೇಕವಾಗಿ ತೆಗೆಸಿ ವಿದ್ವಾಂಸರಿಗೆ ಕಳುಹಿಸಿದರು. ಗಿಡಗಳ ವಿಷಯದಲ್ಲಿ ಗಣಿತವೇ? ಓದಿದವರಿಗೆ ಅದರ ಬೆಲೆ ತಿಳಿಯಲಿಲ್ಲ. ಡಾರ್ವಿನ್ನರ ಗ್ರಂಥದ ಜರ್ಮನ್ ಅನುವಾದವನ್ನು ಮೆಂಡೆಲ್ ಗುರುತು ಹಾಕಿ ಓದಿದ್ದರು, ಆದರೆ ಡಾರ್ವಿನ್ನರಿಗೆ ಮೆಂಡೆಲ್ ಯಾರೆಂದೇ ತಿಳಿದಿರಲಿಲ್ಲ. ಮ್ಯೂನಿಕ್‌ನ ಹೆಸರಾಂತ ಸಸ್ಯವಿಜ್ಞಾನಿ ನೆಗೆಲಿ ಮಾತ್ರ ಪತ್ರ ಬರೆದರು. ಅವರ ಒಲವಿನಂತೆ ಮೆಂಡೆಲ್ ಹೈರೇಸಿಯಂ ಎಂಬ ಸಣ್ಣ ಹೂವಿನ ಗಿಡದ ಮೇಲೆ ವರ್ಷಗಟ್ಟಲೆ ಕಣ್ಣು ಸವೆಸಿದರು. ದುರದೃಷ್ಟ ನೋಡಿ, ಆ ಗಿಡ ಬಹುಪಾಲು ಪರಾಗದ ಹಂಗಿಲ್ಲದೆಯೇ ಬೀಜ ಕಟ್ಟುವಂಥದ್ದು. ಈ ಸಂಗತಿ ಆಗ ಯಾರಿಗೂ ಗೊತ್ತಿರಲಿಲ್ಲ. ತಮ್ಮ ನಿಯಮವೇ ಅಲ್ಲಿ ಕಾಣದಾದಾಗ ಅವರಿಗೆ ಹೇಗಾಗಿರಬೇಕು!

1868ರಲ್ಲಿ ಅವರು ಮಠದ ಮುಖ್ಯಸ್ಥರಾದರು. ಪ್ರಯೋಗಕ್ಕೆ ಸಮಯ ಉಳಿಯಲಿಲ್ಲ. ಜೇನು ಸಾಕಿದರು, ಹವಾಮಾನದ ದಾಖಲೆ ಇಟ್ಟರು, 1870ರಲ್ಲಿ ಬ್ರುನ್‌ಗೆ ಬಡಿದ ಸುಂಟರಗಾಳಿಯ ಬಗ್ಗೆ ಬರೆದರು. ಮಠಗಳ ಮೇಲೆ 1874ರಲ್ಲಿ ಸರಕಾರ ಹಾಕಿದ ತೆರಿಗೆಯನ್ನು ಕಟ್ಟಲು ನಿರಾಕರಿಸಿ ಕೊನೆಯವರೆಗೂ ಹೋರಾಡಿದರು. ಈ ಹಟದಲ್ಲಿ ಸ್ನೇಹಿತರನ್ನೂ ಆರೋಗ್ಯವನ್ನೂ ಕಳೆದುಕೊಂಡರು. 1884ರ ಜನವರಿ 6ರಂದು ಮೂತ್ರಪಿಂಡದ ಕಾಯಿಲೆಯಿಂದ ನಿಧನರಾದಾಗ ಊರಿನ ಜನ ಒಬ್ಬ ಒಳ್ಳೆಯ ಮೇಷ್ಟ್ರಿಗಾಗಿ, ಬಡವರ ಬಂಧುವಿಗಾಗಿ ಅತ್ತರು. ವಿಜ್ಞಾನಿಯೊಬ್ಬರು ಹೋದರೆಂದು ಯಾರಿಗೂ ತೋಚಲಿಲ್ಲ. ಅವರ ಕಾಗದಪತ್ರಗಳಲ್ಲಿ ಬಹುಪಾಲು ಸುಟ್ಟುಹೋದವು.

ಹದಿನಾರು ವರ್ಷ ಕಳೆದು 1900ರಲ್ಲಿ ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕೊರೆನ್ಸ್, ಆಸ್ಟ್ರಿಯಾದ ಚೆರ್ಮಾಕ್ ತಮ್ಮ ತಮ್ಮ ಪ್ರಯೋಗಗಳ ದಾರಿಯಲ್ಲಿ ಮೆಂಡೆಲ್‌ರ ಪ್ರಬಂಧವನ್ನು ಕಂಡುಕೊಂಡರು. ಇಂಗ್ಲೆಂಡಿನ ಬೇಟ್‌ಸನ್ ಅದನ್ನು ಲೋಕಕ್ಕೆ ಸಾರಿ ಜೆನೆಟಿಕ್ಸ್ ಎಂಬ ಹೆಸರನ್ನೂ ಕೊಟ್ಟರು. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್, ಮೆಂಡೆಲ್‌ರ ಅಂಕಿಗಳು ನಿರೀಕ್ಷೆಗೆ ಅತಿಯಾಗಿ ಹೊಂದುತ್ತವೆ ಎಂದು ಆಕ್ಷೇಪ ಎತ್ತಿದ್ದುಂಟು. ಆ ಚರ್ಚೆ ದಶಕಗಳ ಕಾಲ ನಡೆಯಿತು. ಆದರೆ ಬಟಾಣಿ ಬಿತ್ತಿದವರಿಗೆಲ್ಲ ಮೂರಕ್ಕೆ ಒಂದೇ ಸಿಕ್ಕಿದೆಯಲ್ಲ, ನನಗೆ ಅದೇ ದೊಡ್ಡ ಸಾಕ್ಷಿ. ಕಾಳು ಏಕೆ ಸುಕ್ಕಾಗುತ್ತದೆ ಎಂಬುದು 1990ರಲ್ಲಿ ತಿಳಿಯಿತು. ಪಿಷ್ಟ ತಯಾರಿಸುವ ಒಂದು ಕಿಣ್ವದ ಜೀನ್ ಕೆಟ್ಟಿರುವುದರಿಂದ ಕಾಳಿನಲ್ಲಿ ಸಕ್ಕರೆ, ನೀರು ಹೆಚ್ಚಾಗಿ, ಒಣಗುವಾಗ ಅದು ಕುಗ್ಗುತ್ತದೆ. ಏಳು ಗುಣಗಳಲ್ಲಿ ಕೊನೆಯ ಮೂರರ ಜೀನ್‌ಗಳನ್ನು ಗುರುತಿಸಿದ ವರದಿ ಬಂದದ್ದು 2025ರಲ್ಲಿ.

ಮೆಂಡೆಲ್‌ರ ಇನ್ನೂರನೆಯ ಹುಟ್ಟುಹಬ್ಬದ ಹೊತ್ತಿಗೆ, 2021ರಲ್ಲಿ, ಬ್ರನೋದ ವಿಜ್ಞಾನಿಗಳು ಅವರ ಸಮಾಧಿಯನ್ನು ತೆರೆದರು. ಅವರು ಬಳಸಿದ್ದ ಪುಸ್ತಕ ಮುಂತಾದ ವಸ್ತುಗಳಲ್ಲಿ ಸಿಕ್ಕ ಡಿಎನ್‌ಎಯೊಂದಿಗೆ ಹೋಲಿಸಿ ಅಸ್ಥಿ ಅವರದೇ ಎಂದು ಖಚಿತಪಡಿಸಿಕೊಂಡು, ಅದರ ಡಿಎನ್‌ಎಯನ್ನು ಓದಿದರು. ಹೃದಯ ಮತ್ತು ಮೂತ್ರಪಿಂಡದ ಕಾಯಿಲೆಗಳಿಗೆ ಸಂಬಂಧಿಸಿದ ಜೀನ್ ರೂಪಗಳು ಅದರಲ್ಲಿದ್ದವು.