ಬಿಡುಗಡೆಯ ದಿನ

ಹೊಸ ವರ್ಷದ ಕ್ಯಾಲೆಂಡರು ಮನೆಗೆ ಬಂದೊಡನೆ ವಿದ್ಯಾರ್ಥಿಗಳು ಮೊದಲು ನೋಡುವುದು ಕೆಂಪು ಬಣ್ಣದಲ್ಲಿ ಅಚ್ಚಾದ ತಾರೀಖುಗಳನ್ನು. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಅಧ್ಯಾಪಕರೂ ಅವನ್ನು ಎಣಿಸುತ್ತಿದ್ದರು; ಅದನ್ನು ಮುಚ್ಚಿಡಬೇಕಾದ್ದಿಲ್ಲ. ಆದರೆ ನೂರಾರು ತಾರೀಖುಗಳ ನಡುವೆ ಒಂದು ತಾರೀಖು ರಾಷ್ಟ್ರದ ನೆನಪಿನಲ್ಲಿ ಸ್ಥಾನ ಪಡೆಯಬೇಕಾದರೆ ಯಾರು ಯಾರ ಬಾಗಿಲನ್ನು ಎಷ್ಟು ಸಲ ತಟ್ಟಿರಬೇಕು ಎಂದು ನಾವು ಯೋಚಿಸುವುದು ಕಡಮೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಮರಾಗಿ ಹುಟ್ಟಿ, ಅಧ್ಯಾಪಕರಾಗಿ ಬಾಳಿ, ಎಂಬತ್ತೈದನ್ನು ಮುಟ್ಟಿದ ಮೇಲೆ ತಮ್ಮ ಜನರ ಬಿಡುಗಡೆಯ ನೆನಪಿಗೆ ಒಂದು ದಿನ ಬೇಕೆಂದು ಛಲ ತೊಟ್ಟವರೊಬ್ಬರ ಕಥೆ ಇದು. ಅವರ ಹೆಸರು ರಿಚರ್ಡ್ ರಾಬರ್ಟ್ ರೈಟ್. ಇದೇ ಹೆಸರಿನ ಪ್ರಸಿದ್ಧ ಕಾದಂಬರಿಕಾರರೊಬ್ಬರು ಅಮೆರಿಕದಲ್ಲಿದ್ದರು. ಅವರು ಬೇರೆ, ಇವರು ಬೇರೆ.

ರೈಟ್ ಅವರ ಜನನ 1855ರ ಮೇ 16ರಂದು ಜಾರ್ಜಿಯಾ ರಾಜ್ಯದ ಡಾಲ್ಟನ್ ಎಂಬ ಊರಿನ ಬಳಿ, ಮರದ ದಿಮ್ಮಿಗಳಿಂದ ಕಟ್ಟಿದ ಗುಡಿಸಲೊಂದರಲ್ಲಿ ಆಯಿತೆಂದು ಹೇಳುತ್ತಾರೆ. ಆ ನಾಡಿನಲ್ಲಿ ಗುಲಾಮರ ಮಗುವು ಹುಟ್ಟಿದ ಗಳಿಗೆಯಿಂದಲೇ ಧಣಿಯ ಆಸ್ತಿಯಾಗಿತ್ತು. ಹೊಲವನ್ನು ಮಾರುವಂತೆ, ಹಸುವನ್ನು ಮಾರುವಂತೆ ಅದನ್ನು ಮಾರಬಹುದಾಗಿತ್ತು. ಸಾಲಕ್ಕೆ ಒತ್ತೆ ಇಡಬಹುದಾಗಿತ್ತು. ಸತ್ತಾಗ ವಾರಸುದಾರರಿಗೆ ಪಾಲುಮಾಡಿ ಕೊಡಬಹುದಾಗಿತ್ತು. ಗುಲಾಮರಿಗೆ ಅಕ್ಷರ ಕಲಿಸುವುದು ಜಾರ್ಜಿಯಾದಲ್ಲಿ 1829ರಿಂದಲೂ ಅಪರಾಧವಾಗಿತ್ತು. ಓದು ಬಲ್ಲವನು ದಾರಿಯನ್ನೂ ಬಲ್ಲವನಾಗುತ್ತಾನೆಂಬ ಭಯ ಒಡೆಯರಿಗೆ ಇದ್ದಿರಬೇಕು. ಹುಡುಗನ ತಾಯಿ ಹ್ಯಾರಿಯೆಟ್ ತನ್ನ ಒಡೆಯರು ಹೋದಲ್ಲಿಗೆ ಹೋಗಬೇಕಾಗಿದ್ದವಳು. ಹೀಗೆ ತಾಯಿಮಕ್ಕಳು ಅದೇ ರಾಜ್ಯದ ಕತ್ಬರ್ಟ್ ಎಂಬ ಊರನ್ನು ಸೇರಿದರು. ರೈಟ್ ಎಂಬ ಕುಲನಾಮ ಹುಡುಗನಿಗೆ ಬಂದದ್ದು ಅಲ್ಲಿ, ಮಲತಂದೆಯಿಂದ.

ಉತ್ತರದ ಹಾಗೂ ದಕ್ಷಿಣದ ರಾಜ್ಯಗಳ ನಡುವೆ ನಾಲ್ಕು ವರ್ಷ ನಡೆದ ಅಂತರ್ಯುದ್ಧವು 1865ರಲ್ಲಿ ಮುಗಿಯಿತು. ಗುಲಾಮಗಿರಿ ಇಲ್ಲವಾಯಿತು. ಹುಡುಗನಿಗೆ ಆಗ ಹತ್ತು ವರ್ಷ. ಸ್ವತಂತ್ರಳಾದ ಹ್ಯಾರಿಯೆಟ್ ಹೊಲವನ್ನು ಅರಸಿ ಹೋಗಲಿಲ್ಲ, ಶಾಲೆಯನ್ನು ಅರಸಿ ಹೋದಳು. ಯುದ್ಧದ ಬೆಂಕಿಯಲ್ಲಿ ಬೆಂದ ಅಟ್ಲಾಂಟಾ ನಗರದಲ್ಲಿ ಕಪ್ಪುಜನರ ಮಕ್ಕಳಿಗೆ ಮಿಷನರಿಗಳು ಶಾಲೆ ತೆರೆದಿದ್ದಾರೆಂಬ ಸುದ್ದಿ ಹಬ್ಬಿತ್ತು. ಕಟ್ಟಡವಿಲ್ಲದೆ ರೈಲಿನ ಸರಕು ಡಬ್ಬಿಯೊಂದರಲ್ಲಿ ಮೊದಲ ಪಾಠಗಳು ನಡೆದುವು. ತಾಯಿ ಆ ನಗರದಲ್ಲಿ ಊಟ ವಸತಿಯ ಮನೆಯೊಂದನ್ನು ನಡೆಸಿ, ಮಗನನ್ನು ಸ್ಟಾರ್ಸ್ ಶಾಲೆ ಎಂಬ ಪಾಠಶಾಲೆಗೆ ಸೇರಿಸಿದಳು. ತನ್ನ ಹೆಸರನ್ನು ತಾನೇ ಬರೆಯಲು ಕಲಿಯುವುದು ನಮಗೆಲ್ಲ ಒಂದನೆಯ ತರಗತಿಯ ಸಂಗತಿ. ಆ ಶಾಲೆಯಲ್ಲಿ ಅದು ಮೂರು ವರ್ಷಗಳ ಹಿಂದಿನವರೆಗೆ ದಂಡನೆಗೆ ಗುರಿಮಾಡಬಹುದಾಗಿದ್ದ ಕೆಲಸ!

1868ರಲ್ಲಿ ಆ ಶಾಲೆಗೆ ಜನರಲ್ ಆಲಿವರ್ ಹೊವಾರ್ಡ್ ಎಂಬುವರು ಬಂದರು. ಅವರು ಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡಿದ್ದ ಸೇನಾನಿ. ಬಿಡುಗಡೆ ಹೊಂದಿದ ಗುಲಾಮರ ನೆರವಿಗಾಗಿ ಸರ್ಕಾರ ಸ್ಥಾಪಿಸಿದ್ದ ಇಲಾಖೆಯ ಮುಖ್ಯಸ್ಥರು. ಕಿಕ್ಕಿರಿದು ಕುಳಿತಿದ್ದ ಮಕ್ಕಳೊಡನೆ ಮಾತನಾಡಿ, ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದರು. ತಾವು ಉತ್ತರಕ್ಕೆ ಹಿಂದಿರುಗಿದಾಗ ಅಲ್ಲಿಯ ಮಕ್ಕಳಿಗೆ ಇಲ್ಲಿಯ ಮಕ್ಕಳ ವಿಷಯವಾಗಿ ಏನೆಂದು ಹೇಳಬೇಕು? ಇಂಥ ಪ್ರಶ್ನೆಗೆ ಮಕ್ಕಳು ಸಾಮಾನ್ಯವಾಗಿ ನಮಸ್ಕಾರ ತಿಳಿಸಿ ಎನ್ನುತ್ತಾರೆ, ಇಲ್ಲವೆ ನಾಚಿ ತಲೆ ತಗ್ಗಿಸುತ್ತಾರೆ. ರಿಚರ್ಡ್ ಎದ್ದು ನಿಂತನು. ತಾವು ಮೇಲೇಳುತ್ತಿದ್ದೇವೆ ಎಂದು ಅವರಿಗೆ ತಿಳಿಸಬೇಕೆಂದು ಹೇಳಿ ಕುಳಿತನು. ಹದಿಮೂರು ವರ್ಷದ ಹುಡುಗನ ಆ ಉತ್ತರ ಅಮೆರಿಕದಲ್ಲೆಲ್ಲ ಹಬ್ಬಿತು. ಜಾನ್ ಗ್ರೀನ್‌ಲೀಫ್ ವಿಟಿಯರ್ ಎಂಬ ಹೆಸರಾಂತ ಕವಿ ಅದನ್ನೇ ವಸ್ತುವಾಗಿಟ್ಟುಕೊಂಡು ಒಂದು ಕವನ ರಚಿಸಿದನು. ಬಾಲ್ಯದಲ್ಲಿ ಹೀಗೆ ಪ್ರಸಿದ್ಧರಾದವರು ಆ ಪ್ರಸಿದ್ಧಿಯ ಭಾರದಲ್ಲಿಯೇ ಕುಗ್ಗಿಹೋಗುವುದುಂಟು. ರೈಟ್ ಕುಗ್ಗಲಿಲ್ಲ.

ಅಟ್ಲಾಂಟಾ ವಿಶ್ವವಿದ್ಯಾನಿಲಯದಿಂದ 1876ರಲ್ಲಿ ಹೊರಬಂದ ಮೊದಲ ಪದವೀಧರರ ತಂಡದಲ್ಲಿ ಅವರು ಅಗ್ರಗಣ್ಯರಾಗಿದ್ದರು. ಬಾಲ್ಯದಲ್ಲಿ ಗುಲಾಮರಾಗಿ ಇದ್ದ ಕತ್ಬರ್ಟ್‌ಗೇ ಮರಳಿ ಅಲ್ಲಿ ಅಧ್ಯಾಪಕರಾದರು. 1880ರಲ್ಲಿ ಅಗಸ್ಟಾ ನಗರದ ವೇರ್ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದರು. ಜಾರ್ಜಿಯಾದಲ್ಲಿ ಕಪ್ಪುಜನರಿಗಾಗಿ ಸಾರ್ವಜನಿಕ ಹಣದಿಂದ ನಡೆದ ಮೊದಲ ಪ್ರೌಢಶಾಲೆ ಅದು. 1883ರಲ್ಲಿ ಅಮೆರಿಕದ ಸೆನೆಟ್ ಸಭೆಯ ಸಮಿತಿಯೊಂದರ ಮುಂದೆ ಅವರು ಸಾಕ್ಷ್ಯ ನುಡಿದರು. ಕಪ್ಪುಜನರು ಬುದ್ಧಿಶಕ್ತಿಯಲ್ಲಿ ಕೀಳೆಂಬ ಮಾತು ಅಲ್ಲಿ ಬಂದಾಗ, ಜಗತ್ತಿನ ಮಹಾಧರ್ಮಗಳೂ ಲಿಪಿಗಳೂ ಹುಟ್ಟಿದ್ದು ಬಿಳಿಯರಲ್ಲದ ಜನರ ನಡುವೆ ಎಂಬುದನ್ನು ಅವರು ಶಾಂತವಾಗಿ ಸಮಿತಿಯ ನೆನಪಿಗೆ ತಂದರು. ಆ ಪ್ರೌಢಶಾಲೆಯ ಗತಿ ಮಾತ್ರ ದುಃಖಕರವಾದದ್ದು. ರೈಟ್ ಬಿಟ್ಟುಹೋದ ಮೇಲೆ, 1897ರಲ್ಲಿ, ಅಲ್ಲಿಯ ಶಿಕ್ಷಣ ಮಂಡಳಿ ಅದನ್ನು ಮುಚ್ಚಿತು. ಬಿಳಿಯರ ಮಕ್ಕಳ ಪ್ರೌಢಶಾಲೆಗೆ ನೆರವು ನಿಲ್ಲಲಿಲ್ಲ. ತಂದೆತಾಯಿಗಳು ಮೊರೆಹೋದಾಗ, 1899ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವೂ ಅವರ ಕೈ ಹಿಡಿಯಲಿಲ್ಲ.

1891ರಲ್ಲಿ ರೈಟ್ ಅವರು ಕಪ್ಪುಜನರಿಗಾಗಿ ರಾಜ್ಯ ಸರ್ಕಾರ ತೆರೆದ ಕೈಗಾರಿಕಾ ಕಾಲೇಜಿನ ಮೊದಲ ಅಧ್ಯಕ್ಷರಾದರು. ಸವಾನಾ ನಗರದಲ್ಲಿ ಮೂವತ್ತು ವರ್ಷ ಅದನ್ನು ನಡೆಸಿದರು. ಅದು ಇಂದು ಸವಾನಾ ರಾಜ್ಯ ವಿಶ್ವವಿದ್ಯಾನಿಲಯ. ವಿದ್ಯಾರ್ಥಿಗಳು ಬಡಗಿ ಕೆಲಸವನ್ನೂ ಬೇಸಾಯವನ್ನೂ ಕಲಿತರೆ ಸಾಕು, ಉನ್ನತ ಸಾಹಿತ್ಯ ಶಾಸ್ತ್ರಗಳು ಅವರಿಗೆ ಬೇಡವೆಂಬುದು ಮೇಲಿನವರ ಒಲವಾಗಿತ್ತು. ರೈಟ್ ಅವರಿಗೆ ಎರಡೂ ಬೇಕಾಗಿದ್ದವು. ಕಾಲೇಜನ್ನು ಉಳಿಸಿಕೊಳ್ಳುವುದಕ್ಕಾಗಿ ಅವರು ಅನೇಕ ವೇಳೆ ಮಾತನ್ನು ನುಂಗಿಕೊಂಡರು. ಯೌವನದಲ್ಲಿದ್ದ ರಾಜಕೀಯದ ಬಿರುಸನ್ನು ಬದಿಗಿಟ್ಟರು. ಇದಕ್ಕಾಗಿ ಅವರನ್ನು ಟೀಕಿಸಿದವರೂ ಇದ್ದಾರೆ. ಟೀಕೆ ಪೂರ್ತಿ ಅನ್ಯಾಯವಾದುದೆಂದು ನಾನು ಹೇಳಲಾರೆ. ಆದರೆ ಅನುದಾನದ ಚೀಟಿಗೆ ಸಹಿ ಹಾಕುವವರು ಎದುರು ಪಕ್ಷದವರಾಗಿರುವಾಗ ಒಂದು ವಿದ್ಯಾಸಂಸ್ಥೆಯನ್ನು ಮೂವತ್ತು ವರ್ಷ ನಡೆಸಿ ನೋಡಿದವರಿಗೇ ಅದರ ಕಷ್ಟ ಗೊತ್ತು. ನಡುವೆ 1898ರ ಸ್ಪ್ಯಾನಿಷ್ ಯುದ್ಧದ ಸಮಯದಲ್ಲಿ ರಾಷ್ಟ್ರಾಧ್ಯಕ್ಷ ಮೆಕಿನ್ಲಿಯು ಅವರನ್ನು ಸೈನ್ಯದಲ್ಲಿ ಸಂಬಳ ಬಟವಾಡೆಯ ಅಧಿಕಾರಿಯನ್ನಾಗಿ ನೇಮಿಸಿದನು. ಅಂದಿನಿಂದ ಜನ ಅವರನ್ನು ಮೇಜರ್ ರೈಟ್ ಎಂದೇ ಕರೆದರು.

ಮೇಜರ್ ರೈಟ್ ಅವರ ಮಗಳು ಒಮ್ಮೆ ಸವಾನಾದ ಬ್ಯಾಂಕೊಂದಕ್ಕೆ ಹೋಗಿದ್ದಾಗ, ಅಲ್ಲಿಯ ಬಿಳಿಯ ಗುಮಾಸ್ತನು ಹೆಂಗಸರ ಹೆಸರಿನ ಹಿಂದೆ ಮರ್ಯಾದೆಗಾಗಿ ಸೇರಿಸುವ ಮಾತನ್ನು ಆಕೆಯ ಹೆಸರಿಗೆ ಸೇರಿಸಲೊಪ್ಪದೆ ಅವಮಾನ ಮಾಡಿದನೆಂದು ಹೇಳುತ್ತಾರೆ. ಒಂದು ಸಣ್ಣ ಮಾತಿಗೆ ಇಷ್ಟೇಕೆ ಎಂದು ಯಾರಾದರೂ ಕೇಳಬಹುದು. ಕನ್ನಡಿಗರು ಹಾಗೆ ಕೇಳಲಾರರು. ಏಕವಚನ ಬಹುವಚನಗಳ ಒಂದೇ ಒಂದು ಪ್ರತ್ಯಯದಿಂದ ಎದುರಿಗಿರುವವನನ್ನು ಎತ್ತರದಲ್ಲಿ ಕೂರಿಸಬಹುದು, ಬಾಗಿಲ ಹೊರಗೆ ನಿಲ್ಲಿಸಬಹುದು ಎಂಬುದು ನಮ್ಮ ಭಾಷೆಯನ್ನಾಡುವ ಮಗುವಿಗೂ ತಿಳಿದಿದೆ. ಹಿರಿಯರಾದ ಕೂಲಿಯವರನ್ನು ಏಕವಚನದಲ್ಲಿ ಕೂಗುವ ಚಿಕ್ಕ ಹುಡುಗರನ್ನು ನಾನೂ ಕಂಡಿದ್ದೇನೆ. ತಂದೆಯ ಮನಸ್ಸಿನಲ್ಲಿ ಆ ಗಾಯ ಉಳಿಯಿತು. 1921ರಲ್ಲಿ ಕಾಲೇಜಿನಿಂದ ನಿವೃತ್ತರಾದ ಅವರು ಉತ್ತರದ ಫಿಲಡೆಲ್ಫಿಯಾ ನಗರಕ್ಕೆ ಬಂದು, ಮಕ್ಕಳ ಜೊತೆ ಸೇರಿ ತಮ್ಮದೇ ಬ್ಯಾಂಕನ್ನು ನಡೆಸತೊಡಗಿದರು. ಅರವತ್ತೇಳನೆಯ ವಯಸ್ಸಿನಲ್ಲಿ ಬ್ಯಾಂಕಿನ ವ್ಯವಹಾರ ಕಲಿಯಲೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವಾರ್ಟನ್ ಶಾಲೆಯಲ್ಲಿ ವಿದ್ಯಾರ್ಥಿಯಾಗಿ ಹೆಸರು ಬರೆಸಿದರು. 1930ರ ದಶಕದ ಮಹಾಕುಸಿತದಲ್ಲಿ ಅಮೆರಿಕದ ಸಾವಿರಾರು ಬ್ಯಾಂಕುಗಳು ಮುಳುಗಿದುವು. ಈ ಮುದುಕರ ಬ್ಯಾಂಕು ಮುಳುಗಲಿಲ್ಲ.

ಇಷ್ಟಕ್ಕೇ ಅವರ ಬಾಳು ನಿಂತಿದ್ದರೂ ಅದು ತುಂಬಿದ ಬಾಳೇ. ಆದರೆ ಅವರ ಮನಸ್ಸು ಬೇರೊಂದರ ಮೇಲಿತ್ತು. ತಮ್ಮ ಜನರ ಮುಖ, ತಮ್ಮ ಜನರ ಕಥೆ ರಾಷ್ಟ್ರದ ದಿನನಿತ್ಯದ ವಸ್ತುಗಳಲ್ಲಿ ಎಲ್ಲಿಯೂ ಕಾಣುವುದಿಲ್ಲವೆಂಬ ಕೊರಗು ಅದು. ಅಂಚೆಚೀಟಿಯ ಮೇಲೆ ಕಪ್ಪುಜನಾಂಗದ ಒಬ್ಬ ಮಹನೀಯರ ಚಿತ್ರವಾದರೂ ಬರಲೆಂದು ಅವರು ಒತ್ತಾಯಿಸಿದರು. 1940ರ ಏಪ್ರಿಲ್‌ನಲ್ಲಿ ಬೂಕರ್ ಟಿ. ವಾಷಿಂಗ್‌ಟನ್ ಅವರ ಚಿತ್ರವಿದ್ದ ಹತ್ತು ಸೆಂಟಿನ ಚೀಟಿ ಹೊರಬಂದಿತು. ಅಮೆರಿಕದ ಅಂಚೆಚೀಟಿಯಲ್ಲಿ ಆಫ್ರಿಕನ್ ಮೂಲದವರೊಬ್ಬರು ಕಾಣಿಸಿಕೊಂಡದ್ದು ಅದೇ ಮೊದಲು.

ಚೀಟಿಯ ಬಳಿಕ ಅವರು ಕೇಳಿದ್ದು ಒಂದು ದಿನವನ್ನು. ಆದರೆ ಯಾವ ದಿನವನ್ನು? ಇದು ಕಾಣುವಷ್ಟು ಸುಲಭವಾದ ಪ್ರಶ್ನೆಯಲ್ಲ. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ತಾರೀಖು ಒಂದೇ. ಅಮೆರಿಕದ ಗುಲಾಮರಿಗೆ ಬಿಡುಗಡೆ ಒಂದೇ ದಿನ ಬರಲಿಲ್ಲ. ಒಂದೊಂದು ಕಡೆ ಒಂದೊಂದು ದಿನ ಬಂದಿತು. 1863ರ ಜನವರಿ 1ರಂದು ರಾಷ್ಟ್ರಾಧ್ಯಕ್ಷ ಅಬ್ರಹಾಂ ಲಿಂಕನ್ನನು ಬಿಡುಗಡೆಯ ಘೋಷಣೆಯನ್ನು ಹೊರಡಿಸಿದನು. ಅದು ಅನ್ವಯಿಸಿದ್ದು ಬಂಡೆದ್ದ ರಾಜ್ಯಗಳಿಗೆ ಮಾತ್ರ, ಅಲ್ಲಿಯೂ ಸೈನ್ಯ ತಲುಪಿದ ಮೇಲೆಯೇ ಅದಕ್ಕೆ ಬಲ. ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಸೇನಾಧಿಕಾರಿ ಗ್ರೇಂಜರ್ ಆಜ್ಞೆ ಹೊರಡಿಸಿ ಗುಲಾಮರು ಸ್ವತಂತ್ರರೆಂದು ಸಾರಿದ್ದು 1865ರ ಜೂನ್ 19ರಂದು, ಎರಡೂವರೆ ವರ್ಷ ತಡವಾಗಿ. ಇಡೀ ದೇಶದಲ್ಲಿ ಗುಲಾಮಗಿರಿಯನ್ನು ಬೇರುಸಹಿತ ಕಿತ್ತದ್ದು ಸಂವಿಧಾನದ 13ನೆಯ ತಿದ್ದುಪಡಿ. ಅಪರಾಧಕ್ಕೆ ಶಿಕ್ಷೆಯಾಗಿ ವಿಧಿಸುವ ದುಡಿಮೆಯೊಂದನ್ನು ಬಿಟ್ಟು ಉಳಿದೆಲ್ಲ ದಾಸ್ಯವನ್ನೂ ಅದು ನಿಷೇಧಿಸಿತು. ಕೆಳಮನೆಯು ಅದನ್ನು 1865ರ ಜನವರಿ 31ರಂದು 119 ಮತಗಳಿಂದ ಒಪ್ಪಿತು, ವಿರೋಧವಾಗಿ 56 ಮತಗಳು ಬಿದ್ದುವು. ಮರುದಿನ, ಫೆಬ್ರವರಿ 1ರಂದು, ಲಿಂಕನ್ನನು ಆ ನಿರ್ಣಯಕ್ಕೆ ಸಹಿ ಮಾಡಿದನು. ಸಾಕಷ್ಟು ರಾಜ್ಯಗಳು ಒಪ್ಪಿ ಅದು ಜಾರಿಗೆ ಬಂದದ್ದು ಡಿಸೆಂಬರ್ 6ರಂದು. ಆ ಎಣಿಕೆಯನ್ನು ತುಂಬಿದ ರಾಜ್ಯ ರೈಟ್ ಅವರ ಜಾರ್ಜಿಯಾವೇ ಎಂಬುದು ಸೋಜಿಗ.

ಇವುಗಳಲ್ಲಿ ರೈಟ್ ಆರಿಸಿಕೊಂಡದ್ದು ಫೆಬ್ರವರಿ 1ನ್ನು. ತಿದ್ದುಪಡಿಗೆ ರಾಷ್ಟ್ರಾಧ್ಯಕ್ಷರ ಸಹಿ ಕಾನೂನಿನ ದೃಷ್ಟಿಯಿಂದ ಅಗತ್ಯವೇ ಇರಲಿಲ್ಲ. ಆದರೂ ಲಿಂಕನ್ನನು ಲೇಖನಿಯನ್ನು ಎತ್ತಿಕೊಂಡನು. ಬೇಕಾಗಿಲ್ಲದೆಯೂ ಹಾಕಿದ ಆ ಸಹಿ ಮುದುಕರಿಗೆ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ.

1941ರಲ್ಲಿ ರೈಟ್ ಅವರು ಮುಖಂಡರನ್ನು ಫಿಲಡೆಲ್ಫಿಯಾಕ್ಕೆ ಕರೆಸಿ, ಈ ದಿನವನ್ನು ರಾಷ್ಟ್ರೀಯ ಸ್ವಾತಂತ್ರ್ಯದಿನವೆಂದು ಆಚರಿಸುವ ಯೋಜನೆಯನ್ನು ಮುಂದಿಟ್ಟರು. 1942ರ ಫೆಬ್ರವರಿ 1ರಂದು ಮೊದಲ ಆಚರಣೆ ನಡೆಯಿತು. ಆ ನಗರದಲ್ಲಿ ಬಿರುಕುಬಿಟ್ಟ ದೊಡ್ಡ ಗಂಟೆಯೊಂದಿದೆ. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯವನ್ನು ಘೋಷಿಸಿದ ಭವನಕ್ಕೆ ಸೇರಿದ್ದು ಅದು. ಅದಕ್ಕೆ ಸ್ವಾತಂತ್ರ್ಯದ ಗಂಟೆ ಎಂಬ ಹೆಸರನ್ನು ಪ್ರಸಿದ್ಧಗೊಳಿಸಿದವರು 1830ರ ದಶಕದಲ್ಲಿ ಗುಲಾಮಗಿರಿಯನ್ನು ವಿರೋಧಿಸಿ ಹೋರಾಡಿದವರು. ಆ ಗಂಟೆಯ ಬುಡದಲ್ಲಿ ಒಂದು ಪುಷ್ಪಚಕ್ರವನ್ನು ಇರಿಸುವುದೇ ಆಚರಣೆಯ ಮುಖ್ಯ ವಿಧಿಯಾಯಿತು. ಅದು ಮಹಾಯುದ್ಧದ ಕಾಲ. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದೇವೆಂದು ಸಾರುತ್ತಿದ್ದ ಅಮೆರಿಕದ ಸೈನ್ಯದಲ್ಲಿಯೇ ಕಪ್ಪು ಸೈನಿಕರ ದಳಗಳು ಬೇರೆ, ಬಿಳಿಯರ ದಳಗಳು ಬೇರೆ ಇದ್ದುವು. ದಕ್ಷಿಣದಲ್ಲಿ ಅವರಿಗೆ ಮತ ಹಾಕಲು ಬಿಡುತ್ತಿರಲಿಲ್ಲ. ಹಾಗಿರುವಾಗ ಬಿಡುಗಡೆಯ ಹಬ್ಬವೇಕೆ ಎಂದು ಕೇಳಬಹುದಾಗಿತ್ತು. ಆದರೆ ಸಹಿ ಹಾಕಿದ ದಿನವನ್ನು ವರ್ಷವರ್ಷವೂ ನೆನೆಸುವುದೆಂದರೆ ಸಹಿ ಹಾಕಿದವರ ಮಾತನ್ನು ವರ್ಷವರ್ಷವೂ ನೆನಪಿಸುವುದೇ ಅಲ್ಲವೆ? ಸಾಲಪತ್ರದ ತಾರೀಖನ್ನು ಕೊಟ್ಟವನು ಮರೆಯುವುದಿಲ್ಲ.

ಕಾಂಗ್ರೆಸ್ ಸಭೆ ನಿಧಾನವಾಗಿ ನಡೆಯಿತು. ಮೇಜರ್ ರೈಟ್ ಅವರು ಪ್ರತಿ ಫೆಬ್ರವರಿಯಲ್ಲಿಯೂ ಆಚರಣೆಯನ್ನು ನಿಲ್ಲಿಸದೆ ಕಾದರು. 1947ರ ಜುಲೈ 2ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು. ಅವರಿಗೆ ತೊಂಬತ್ತೆರಡು ವರ್ಷ ತುಂಬಿತ್ತು. ಫೆಬ್ರವರಿ 1ನ್ನು ರಾಷ್ಟ್ರೀಯ ಸ್ವಾತಂತ್ರ್ಯದಿನವೆಂದು ಮಾನ್ಯಮಾಡುವ ಮಸೂದೆಗೆ ರಾಷ್ಟ್ರಾಧ್ಯಕ್ಷ ಟ್ರೂಮನ್ ಸಹಿ ಮಾಡಿದ್ದು 1948ರ ಜೂನ್ 30ರಂದು, ಅವರು ಸತ್ತ ಒಂದು ವರ್ಷಕ್ಕೆ ಎರಡು ದಿನ ಕಡಮೆ ಇರುವಾಗ. ಅದಾದ ನಾಲ್ಕು ವಾರದೊಳಗೆ, ಜುಲೈ 26ರಂದು, ಅದೇ ಟ್ರೂಮನ್ ಸೈನ್ಯದಲ್ಲಿಯ ಬಣ್ಣಭೇದವನ್ನು ಕೊನೆಗಾಣಿಸುವ ಆಜ್ಞೆಯನ್ನೂ ಹೊರಡಿಸಿದನು.

ಕಾನೂನು ಆ ದಿನವನ್ನು ಮಾನ್ಯಮಾಡಿತು, ರಜೆಯನ್ನು ಕೊಡಲಿಲ್ಲ. ಗುಲಾಮಗಿರಿಯ ಅಂತ್ಯಕ್ಕೆ ಅಮೆರಿಕದ ಒಕ್ಕೂಟ ಸರ್ಕಾರ ರಜೆಯನ್ನು ಘೋಷಿಸಿದ್ದು 2021ರ ಜೂನ್ 17ರಂದು. ಅದು ಬಂದದ್ದು ಗ್ಯಾಲ್ವೆಸ್ಟನ್ನಿನ ತಾರೀಖಾದ ಜೂನ್ 19ಕ್ಕೆ, ಟೆಕ್ಸಾಸಿನ ಕಪ್ಪುಜನರು ತಲೆಮಾರುಗಳಿಂದ ಹಬ್ಬವಾಗಿ ಉಳಿಸಿಕೊಂಡು ಬಂದಿದ್ದ ದಿನಕ್ಕೆ. ಅದಕ್ಕಾಗಿ ಪಟ್ಟುಹಿಡಿದವರಲ್ಲಿ ಓಪಲ್ ಲೀ ಎಂಬಾಕೆ ಮುಖ್ಯರು. ಆಕೆಯೂ ನಿವೃತ್ತ ಶಾಲಾ ಅಧ್ಯಾಪಕಿ. 2016ರಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಈ ಬೇಡಿಕೆಯನ್ನು ಹೊತ್ತು ತಮ್ಮ ಊರಾದ ಫೋರ್ಟ್ ವರ್ತ್‌ನಿಂದ ರಾಜಧಾನಿಯ ಕಡೆಗೆ ನಡಿಗೆ ಹೊರಟಿದ್ದರು.

ಫೆಬ್ರವರಿ 1 ಮಾತ್ರ ಕ್ಯಾಲೆಂಡರಿನಲ್ಲಿ ಕಪ್ಪು ಅಕ್ಷರದ ದಿನವಾಗಿಯೇ ಉಳಿಯಿತು. ಗಂಟೆಯ ಬಳಿ ಪುಷ್ಪಚಕ್ರ ಇರಿಸುವ ಪದ್ಧತಿಯನ್ನು ಮೇಜರ್ ರೈಟ್ ಅವರ ತರುವಾಯವೂ ಫಿಲಡೆಲ್ಫಿಯಾದವರು ನಡೆಸಿಕೊಂಡು ಬಂದರು.