ನುಲಿಯ ಚಂದಯ್ಯನವರ ಹಗ್ಗ

ಕಲ್ಯಾಣದ ಶರಣರಲ್ಲಿ ಮಂತ್ರಿಯಾಗಿದ್ದವರಿದ್ದರು, ಅರಸೊತ್ತಿಗೆ ಬಿಟ್ಟು ಬಂದವರಿದ್ದರು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನವರೂ ಅವರ ಸಾಲಿನಲ್ಲೇ ಕುಳಿತರು. ಇವರ ಹುಟ್ಟೂರು ಇಂದಿನ ವಿಜಯಪುರ ಜಿಲ್ಲೆಯ ಶಿವಣಗಿ. 12ನೇ ಶತಮಾನದಲ್ಲಿ ಅಲ್ಲಿಂದ ಕಲ್ಯಾಣಕ್ಕೆ ಬಂದರು. ಬಸವಕಲ್ಯಾಣದಲ್ಲಿ ಈಗಲೂ ಅವರ ಹೆಸರಿನ ಗವಿ ಇದೆ.

ನಾನು ವಿಜ್ಞಾನದ ಪ್ರಶಿಕ್ಷಣಾರ್ಥಿ. ಹುಮನಾಬಾದಿನ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡುವಾಗ ಚಂದಯ್ಯನವರ ಕಸುಬನ್ನೇ ಉದಾಹರಣೆಗೆ ತೆಗೆದುಕೊಂಡೆ. ಬೋಧನೋಪಕರಣ ಒಂದು ಹಿಡಿ ಪುಂಡಿನಾರು, ಅಷ್ಟೇ. ಒಂದು ಎಳೆ ಎಳೆದರೆ ಪಟ್ಟನೆ ಹರಿಯುತ್ತದೆ. ಎಳೆಗಳನ್ನು ಹೊಸೆದಾಗ ಒಂದಕ್ಕೊಂದು ಒತ್ತಿಕೊಂಡು, ಘರ್ಷಣೆಯಿಂದಾಗಿ ಜಾರದೆ ನಿಲ್ಲುತ್ತವೆ. ಎರಡು ಹುರಿಗಳನ್ನು ಒಂದೇ ದಿಕ್ಕಿಗೆ ಹೊಸೆದು, ಆಮೇಲೆ ಎರಡನ್ನೂ ಸೇರಿಸಿ ಎದುರು ದಿಕ್ಕಿಗೆ ಸುತ್ತಬೇಕು. ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದು ಬಿಗಿಯುತ್ತದೆ. ಇದನ್ನು ನನಗಿಂತ ಚೆನ್ನಾಗಿ ಮಾಡಿ ತೋರಿಸಿದವನು ಹಿಂದಿನ ಬೆಂಚಿನ ಹುಡುಗ. ಅಜ್ಜ ದನದ ಕಣ್ಣಿ ಹೊಸೆಯುವುದನ್ನು ನೋಡಿ ಕಲಿತಿದ್ದನಂತೆ. ಅದು ವಿದ್ಯೆ ಎಂದು ಅವನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ನಮ್ಮ ಪಾಠಯೋಜನೆಯ ಪೂರ್ವಜ್ಞಾನದ ಕಲಂನಲ್ಲಿ ಇಂಥದ್ದನ್ನು ಬರೆದವರನ್ನು ನಾನಂತೂ ನೋಡಿಲ್ಲ.

ಚಂದಯ್ಯನವರಿಗೆ ಆ ಸಂಕೋಚ ಇರಲಿಲ್ಲ. ಅವರ ಬಗೆಗಿನ ಐತಿಹ್ಯವೊಂದು ಪ್ರಸಿದ್ಧ. ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ನೀರಿಗೆ ಬಿತ್ತು. ಅವರು ಹುಡುಕಲಿಲ್ಲ, ಹೊರೆ ಹೊತ್ತು ನಡೆದೇಬಿಟ್ಟರು. ಲಿಂಗವೇ ಬೆನ್ನು ಹತ್ತಿ ಬಂದರೂ ಒಪ್ಪಲಿಲ್ಲ. ಮಡಿವಾಳ ಮಾಚಯ್ಯನವರು ನಡುವೆ ಬಂದು ವಾದಿಸಬೇಕಾಯಿತು. ಕೊನೆಗೆ ಲಿಂಗಕ್ಕೂ ಕಾಯಕ ತಪ್ಪಲಿಲ್ಲ, ಹಗ್ಗ ಮಾರಿ ಬರುವ ಕೆಲಸ ಅದರ ಪಾಲಿಗೆ ಬಂತು. ಬಸವಣ್ಣನವರು ಆ ಹಗ್ಗಕ್ಕೆ ಬೆಲೆಗಿಂತ ಬಹಳ ಹೆಚ್ಚು ಹಣ ಕೊಟ್ಟರು. ಚಂದಯ್ಯನವರು ಅದನ್ನು ಮುಟ್ಟಲಿಲ್ಲ, ಹಗ್ಗದ ಬೆಲೆ ಎಷ್ಟೋ ಅಷ್ಟೇ ಸಾಕೆಂದರು. ಇದು ನಡೆದದ್ದೇ ಎಂದು ಯಾರಾದರೂ ಕೇಳಿದರೆ ವಿಜ್ಞಾನದ ವಿದ್ಯಾರ್ಥಿಯಾದ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ದೇವರನ್ನೂ ದುಡಿಮೆಗೆ ಹಚ್ಚಿದ ಒಬ್ಬ ಹಗ್ಗದವನ ಕಥೆಯನ್ನು ಜನ ಇಷ್ಟು ಶತಮಾನ ಕಾಪಾಡಿಕೊಂಡು ಬಂದಿದ್ದಾರಲ್ಲ, ನನಗೆ ಮುಖ್ಯವೆನಿಸುವುದು ಅದು.

ವಚನಗಳಲ್ಲೂ ಅವರ ನಿಲುವು ಇದೇ. ಚಂದೇಶ್ವರಲಿಂಗ ಎಂಬ ಅಂಕಿತದಲ್ಲಿ ಬರೆದ ಅವರು ಗುರುವಿಗೂ ಜಂಗಮನಿಗೂ ಕಾಯಕದಿಂದ ವಿನಾಯಿತಿ ಕೊಡಲಿಲ್ಲ. ಕಂಡವರನ್ನು ಕಾಡಿ ಬೇಡಿ ತಂದು ಮಾಡುವ ದಾಸೋಹವನ್ನು ದಾಸೋಹವೆಂದು ಒಪ್ಪಲಿಲ್ಲ. ತಾವು ಮಾತ್ರ ಹಗ್ಗ ಮಾರಿದ ಹಣದಲ್ಲೇ ದಿನವೂ ಜಂಗಮರಿಗೆ ಉಣಬಡಿಸಿದರು.

ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಚದುರಿದಾಗ ಚಂದಯ್ಯನವರು ಚನ್ನಬಸವಣ್ಣ, ಅಕ್ಕನಾಗಮ್ಮನವರ ಜೊತೆ ಉಳವಿಯ ಕಡೆ ಹೊರಟರೆಂದು ಹೇಳುತ್ತಾರೆ. ಕೊನೆಗಾಲ ಕಳೆದದ್ದು ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿ. ಅವರ ಸಮಾಧಿಯೂ ಅಲ್ಲೇ ಇದೆ.